ಅಳಿಸಿದ ಮಾತು ಮತ್ತು ಟೈಪಿಂಗ್ ಟೀಚರ್

ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮಾತಾಡಿದವರು ಟೀಚರನ್ನು ‘ಶಾಂತ ಸ್ವಭಾವದ ಹಿರಿಯ ಚೇತನ’ ಎಂದು ಕರೆದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು ನಾಲ್ಕೈದು ಮಂದಿ ಹಳೆಯ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡೆವು. ಟೀಚರ್ ಶಾಂತವಾಗಿದ್ದುದನ್ನು ನಮ್ಮಲ್ಲಿ ಒಬ್ಬರೂ ಕಂಡವರಲ್ಲ. ಚಹಾ ಕುಡಿಯುವುದು ಕೂಡ ನಿಂತೇ, ಅದೂ ಅರ್ಧ ಲೋಟ. ಉಳಿದರ್ಧ ಝೆರಾಕ್ಸ್ ಯಂತ್ರದ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಆರಿ ಕೆನೆಗಟ್ಟಿ ಸಂಜೆ ಕಸ ಗುಡಿಸುವಾಗ ಸಿಗುತ್ತಿತ್ತು. ನಮಗೆ ಬೆರಳಚ್ಚು ಕಲಿಸುವಾಗ ಯಂತ್ರಗಳ ಸಾಲಿನ ನಡುವೆ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಿದ್ದರು. ಬೆನ್ನ ಹಿಂದೆ ಅವರ ಸೀರೆಯ ಸರಪರ, ಚಪ್ಪಲಿಯ ಸದ್ದು ಹತ್ತಿರವಾದರೆ ನಮ್ಮ ಬೆರಳು ತಪ್ಪುತ್ತಿತ್ತು.

ಎದ್ದು ಇದನ್ನೆಲ್ಲ ಹೇಳಬೇಕೆಂದು ಅಂದು ನನಗೂ ಅನಿಸಿತ್ತು. ಮೈಕಿನ ಮುಂದೆ ಮೂರು ನಿಮಿಷದಲ್ಲಿ ಮುಗಿಸುವಂಥದ್ದಲ್ಲ ಎಂದು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಟೀಚರ್ ಆಗಿದ್ದರು, ಅಷ್ಟು ಸಾಕು.

ಹೊನ್ನಾವರದ ಪೇಟೆಯಲ್ಲಿ ಅವರದು ಎರಡು ಕೋಣೆಯ ಟೈಪಿಂಗ್ ಸಂಸ್ಥೆ. ಬೆಳಿಗ್ಗೆ ಕಲಿಸುವುದು, ಮಧ್ಯಾಹ್ನ ಜನರ ಅರ್ಜಿ, ಕರಾರುಪತ್ರ ಟೈಪು ಮಾಡಿಕೊಡುವುದು. ಕಲಿಯುವವರು ಬರುವುದು ನಿಂತ ಮೇಲೆ ಅವರು ಬೋರ್ಡು ಇಳಿಸಲಿಲ್ಲ. ಯಂತ್ರಗಳನ್ನು ಗೋಡೆಗೆ ಒತ್ತರಿಸಿ ಬಟ್ಟೆ ಮುಚ್ಚಿ, ನಡುವೆ ಝೆರಾಕ್ಸ್, ಕಂಪ್ಯೂಟರ್ ತಂದಿಟ್ಟರು. ಅರವತ್ತು ಹತ್ತಿರವಾದಾಗ ಸ್ಮಾರ್ಟ್‌ಫೋನ್ ಕೊಂಡು, ಅದರ ಸೆಟ್ಟಿಂಗಿನ ಒಂದೊಂದೇ ಬಾಗಿಲು ತೆಗೆದು ಒಳಗೇನಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಫೋನು ಹ್ಯಾಂಗ್ ಆಯಿತು, ಮೆಸೇಜು ಹೋಗುತ್ತಿಲ್ಲ, ಫೋಟೋ ಕಾಣೆಯಾಗಿದೆ ಎಂದು ಜನ ಬರತೊಡಗಿದ್ದು ಹಾಗೆ. ಭಟ್ಕಳದಿಂದಲೂ ಬರುತ್ತಿದ್ದರು. ಅವರ ಜೊತೆ ಉರ್ದುವಿನಲ್ಲಿ ತಡವರಿಸುತ್ತ, ಪಕ್ಕದ ಅಂಗಡಿಯವರ ಜೊತೆ ಕೊಂಕಣಿಯಲ್ಲಿ ಜಗಳವಾಡುತ್ತ, ನಮಗೆ ಕನ್ನಡದಲ್ಲಿ ಬೈಯುತ್ತ ಟೀಚರ್ ದಿನ ಕಳೆಯುತ್ತಿದ್ದರು.

ಅವರದೊಂದು ಅಭ್ಯಾಸ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಯಾರಾದರೂ ಫೋನಿನಲ್ಲಿ ಪಾಸ್‌ವರ್ಡ್ ಹಾಕುವಾಗ ಅವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯತ್ತ ತಿರುಗಿ ನಿಲ್ಲುತ್ತಿದ್ದರು. ಝೆರಾಕ್ಸಿಗೆ ಬಂದ ಕಾಗದವನ್ನು ಮುಖ ಕೆಳಗೆ ಮಾಡಿಯೇ ಕೈಗೆ ತೆಗೆದುಕೊಳ್ಳುತ್ತಿದ್ದರು. “ನೋಡಿ ಟೀಚರ್, ಅಡ್ಡಿಲ್ಲ” ಎಂದರೂ ನೋಡುತ್ತಿರಲಿಲ್ಲ. “ನಂಗೆ ಅಡ್ಡಿ ಇದ್ಯಲ್ಲ” ಎನ್ನುತ್ತಿದ್ದರು, ಅದೂ ಸಿಡುಕಿನಿಂದಲೇ.

ನಾನು ಅವರಲ್ಲಿ ಟೈಪಿಂಗ್ ಕಲಿತೇ ಒಂದು ಪ್ರೌಢಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾದವಳು. ಕೆಲಸ ಸಿಕ್ಕ ಮೇಲೆ ಸಂಸ್ಥೆಯ ಕಡೆ ಹೋಗುವುದು ಕಡಿಮೆಯಾಗಿತ್ತು. ಮತ್ತೆ ಹೋಗುವಂತೆ ಮಾಡಿದ್ದು ಮನೆಯ ಸಂಕಟ.

ಮನೆಯಲ್ಲಿ ಆಗ ನಾನು, ಅಮ್ಮ, ಅಣ್ಣ, ಅತ್ತಿಗೆ. ಅಮ್ಮನನ್ನು ನಾವು ಆಯಿ ಎನ್ನುತ್ತೇವೆ. ಅಪ್ಪ ಇಲ್ಲ. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಣ್ಣನ ಮಾತೇ ಮನೆಯಲ್ಲಿ ಕೊನೆ. ನನ್ನ ತಂಗಿ ಬೇರೆ ಜಾತಿಯವನನ್ನು ಮದುವೆಯಾಗಿ ಭಟ್ಕಳಕ್ಕೆ ಹೋದ ದಿನ ಅಣ್ಣ ಗೋಡೆಯ ಮೇಲಿದ್ದ ಅವಳ ಫೋಟೋ ಇಳಿಸಿ, “ಇನ್ನು ಈ ಮನೇಲಿ ಅವ್ಳ ಹೆಸ್ರು ಯಾರೂ ಹೇಳೂದು ಬೇಡ” ಎಂದಿದ್ದ. ತಂಗಿಯ ಗಂಡ ದೋಣಿಗಳ ಎಂಜಿನ್ ರಿಪೇರಿ ಮಾಡುವವನು, ಒಳ್ಳೆಯ ಮನುಷ್ಯ. ಆಯಿ ಮೂರು ವರ್ಷ ಹೆಸರು ಹೇಳದೆ ಇದ್ದಳು. ತಂಗಿಗೆ ಹೆಣ್ಣುಮಗುವಾಯಿತೆಂದು ನಾನು ಕಿವಿಯಲ್ಲಿ ಹೇಳಿದ ಮೇಲೆ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಒಂದೇ ಸಲ, ಒಂದು ಗಳಿಗೆ ನೋಡಬೇಕು ಎಂದು ಹಟ ಹಿಡಿದಳು. ನಾನು ಫೋನಿನಲ್ಲಿ ತಂಗಿಗೆ ಬರೆದೆ. ಅಪ್ಸರಕೊಂಡ ಜಲಪಾತದ ಹತ್ತಿರ ಭಾನುವಾರ ಜನಜಂಗುಳಿ ಇರುತ್ತದೆ, ಅಲ್ಲಿ ಸೇರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನಾವಿಬ್ಬರೂ ಗೊತ್ತುಮಾಡಿಕೊಂಡೆವು. ಈ ವಿಷಯ ನಾವು ಮೂರು ಜನರ ಹೊರತು ತಂಗಿಯ ಗಂಡನಿಗೆ ಮಾತ್ರ ಗೊತ್ತಿತ್ತು.

ರಿಕ್ಷಾದಿಂದ ಆಯಿಯನ್ನು ಇಳಿಸುತ್ತಿದ್ದಂತೆ ಎದುರಿಗೆ ಬೈಕಿಗೆ ಒರಗಿ ಅಣ್ಣ ನಿಂತಿದ್ದ. ತಂಗಿ, ಅವಳ ಗಂಡ, ಮಗು ಬಂದಿಳಿಯುವ ತನಕ ಕಾದ. ಆಮೇಲೆ ಪ್ರವಾಸಿಗರ ಕಣ್ಣೆದುರೇ ತಂಗಿಯ ಗಂಡನ ಅಂಗಿಯ ಕಾಲರು ಹಿಡಿದ. ಮಗು ಹೆದರಿ ಕಿರುಚಿತು. ಆಯಿ ಮಗುವಿನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಮನೆಗೆ ತಲುಪುವ ಹೊತ್ತಿಗೆ ತಂಗಿಯ ಮೆಸೇಜು ಬಂದಿತ್ತು. ‘ಅಕ್ಕಾ, ಅವನಿಗೆ ಹೇಳಿದ್ದು ನೀನೇ ತಾನೆ?’ ನಾನು ಉತ್ತರ ಬರೆಯುವುದರೊಳಗೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಳು.

ಆ ದಿನಗಳಲ್ಲಿ ನಾನು ಎಲ್ಲರನ್ನೂ ಅನುಮಾನಿಸಿದೆ. ಆಯಿ ಬಾಯಿಬಿಟ್ಟಿರಬಹುದೇ? ತಂಗಿಯ ಗಂಡನೇ ಯಾರಿಗೋ ಹೇಳಿದ್ದನೇ? ರಿಕ್ಷಾದವನೇ? ಕೊನೆಗೆ ನಿದ್ದೆಯಲ್ಲಿ ನಾನೇ ಏನಾದರೂ ಬಡಬಡಿಸಿದ್ದೆನೇ ಎನ್ನುವವರೆಗೆ ಹೋಯಿತು. ಆಫೀಸಿನಲ್ಲಿ ಹಾಜರಿ ಪುಸ್ತಕದ ಸಾಲು ತಪ್ಪಿ ಬರೆದೆ. ಅಷ್ಟರಲ್ಲಿ ಇನ್ನೊಂದು ಆಯಿತು. ಒಂದು ದಿನ ಸಿಟ್ಟು ತಡೆಯಲಾರದೆ, ಬ್ಲಾಕ್ ಆಗಿದ್ದರೂ ತಂಗಿಗೆ ‘ಅಣ್ಣ ಮನುಷ್ಯನೇ ಅಲ್ಲ’ ಎಂದು ಬರೆದೆ. ಬರೆದವಳು ಹೆದರಿ ಕಳಿಸಲಿಲ್ಲ, ಒಂದೊಂದೇ ಅಕ್ಷರ ಅಳಿಸಿದೆ. ಮರುದಿನ ಬೆಳಿಗ್ಗೆ ದೋಸೆ ತಿನ್ನುತ್ತ ಅಣ್ಣ ತಲೆ ಎತ್ತದೆ ಕೇಳಿದ: “ಎಂತದೆ, ನಾ ಮನುಷ್ಯನೇ ಅಲ್ವನೆ?”

ಆ ದಿನ ಆಫೀಸಿಗೆ ರಜೆ ಹಾಕಿ ನೇರ ಟೀಚರ್ ಹತ್ತಿರ ಹೋದೆ. ಬೇರೆ ಯಾರ ಹತ್ತಿರ ಹೋಗಬೇಕೆಂದು ಗೊತ್ತಿರಲಿಲ್ಲ. ಅವರು ಎಂದಿನಂತೆ ಓಡಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಅಳಿಸಿದ ಮಾತಿನ ಸುದ್ದಿಗೆ ಬಂದಾಗ ನಿಂತರು.

“ಕಳಿಸ್ಲಿಲ್ಲ?”

“ಇಲ್ಲ ಟೀಚರ್.”

“ಯಾರಿಗೂ ಬಾಯಲ್ಲಿ ಹೇಳ್ಲಿಲ್ಲ?”

“ಇಲ್ಲ.”

“ಹಾಂಗಾದ್ರೆ ನಿನ್ನ ಮೆಸೇಜು ಯಾರೂ ಓದ್ಲಿಲ್ಲ. ಓದೂಕೆ ಮೆಸೇಜೇ ಇಲ್ಲ. ನಿನ್ನ ಬೆರಳು ಓದ್ತಾ ಇದ್ದಾರೆ.”

ನನ್ನ ಕೈಯಿಂದ ಫೋನು ತೆಗೆದುಕೊಂಡು, “ಸೆಟ್ಟಿಂಗ್ ನೋಡ್ತೆ, ನಿನ್ನ ಮೆಸೇಜು ನೋಡೂದಿಲ್ಲ” ಎಂದು ಮೊದಲೇ ಹೇಳಿದರು. ಕೀಬೋರ್ಡುಗಳ ಪಟ್ಟಿ ತೆರೆದರು. ಫೋನಿನ ಜೊತೆ ಬಂದದ್ದು ಒಂದು ಇತ್ತು, ಆರಿಸಿದ್ದು ಮಾತ್ರ ಇನ್ನೊಂದು. “ಇದನ್ನ ಯಾರು ಹಾಕಿದ್ದು?” ಎಂದರು. ನನಗೆ ನೆನಪಾಯಿತು. ಆ ಫೋನು ಅಣ್ಣ ಕೊಟ್ಟದ್ದು. ಕನ್ನಡ ಬರೆಯಲು ಇದು ಸುಲಭ ಎಂದು ಹೇಳಿ, ಕುಮಟೆಯಲ್ಲಿ ಯಾರೋ ಪರಿಚಯದವನಿಂದ ಎಲ್ಲ ಹಾಕಿಸಿಕೊಂಡು ಬಂದು ಕೈಗಿಟ್ಟಿದ್ದ. ಅವನು ನನಗೆ ಏನಾದರೂ ತಂದುಕೊಟ್ಟಿದ್ದು ಅದೇ ಮೊದಲೆಂದು ನಾನು ಖುಷಿಪಟ್ಟಿದ್ದೆ.

ಟೀಚರ್ ಇನ್ನಷ್ಟು ಒಳಗೆ ಹೋದರು. ಅದು ಎಲ್ಲರೂ ಆ್ಯಪ್ ಇಳಿಸಿಕೊಳ್ಳುವ ಜಾಗದಿಂದ ಬಂದದ್ದಲ್ಲ, ಹೊರಗಿನಿಂದ ತುರುಕಿದ್ದು. ಪರದೆಯ ಮೇಲಿನದನ್ನೆಲ್ಲ ನೋಡುವ ಅನುಮತಿ ಅದಕ್ಕಿತ್ತು. ದಿನವೂ ಒಂದಿಷ್ಟು ಡೇಟಾ ಹೊರಗೆ ಕಳಿಸುತ್ತಿತ್ತು. “ಬರಿಯೂ ಮಣೆಗೆ ಇಂಟರ್ನೆಟ್ ಎಂತಕ್ಕೆ ಬೇಕು? ಹೇಳು ನೋಡ್ವ” ಎಂದು ನನ್ನನ್ನೇ ಬೈಯುವಂತೆ ಕೇಳಿದರು.

“ಮೆಸೇಜಿಗೆ ಬೀಗ ಇರ್ತದೆ, ಯಾರಿಗೂ ಓದೂಕೆ ಆಗೂದಿಲ್ಲ ಅಂತಾರಲ್ಲ ಟೀಚರ್?”

“ಬೀಗ ದಾರಿಗೆ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಯಾರೂ ಓದೂಕಾಗೂದಿಲ್ಲ, ಖರೆ. ಇದು ನೀ ಬರೀವಾಗ್ಲೇ ಬೆನ್ನಿಗೆ ನಿಂತು ಓದಿದಾಂಗೆ.”

ತೆಗೆದುಹಾಕಿ ಎಂದೆ. ಅವರು ಒಪ್ಪಲಿಲ್ಲ. ಈಗ ತೆಗೆದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಅಣ್ಣನೇ ಎಂದು ನಾವು ಊಹಿಸಿದ್ದೇವೆ, ಖಾತ್ರಿಯಿಲ್ಲ. ಮೊದಲು ಖಾತ್ರಿ ಮಾಡಿಕೊಳ್ಳಬೇಕು. ತಮ್ಮ ಫೋನಿನಿಂದ ನನ್ನ ಪರದೆಯ ಫೋಟೋಗಳನ್ನು ತೆಗೆದುಕೊಂಡರು. ನನ್ನ ಪಾಸ್‌ವರ್ಡುಗಳನ್ನೆಲ್ಲ ಅವರ ಕಂಪ್ಯೂಟರಿನಲ್ಲಿ ಕೂತು ನಾನೇ ಬದಲಿಸುವಂತೆ ಮಾಡಿದರು, ತಾವು ಗೋಡೆ ನೋಡುತ್ತ ನಿಂತರು. ಹೊಸ ಪಾಸ್‌ವರ್ಡನ್ನು ಆ ಫೋನಿನಲ್ಲಿ ಒಮ್ಮೆಯೂ ಒತ್ತಕೂಡದೆಂದು ತಾಕೀತು ಮಾಡಿದರು. ಆಮೇಲೆ ಒಂದು ಉಪಾಯ ಹೇಳಿದರು.

ಮರುದಿನ ಬೆಳಿಗ್ಗೆ ಅಣ್ಣನ ಬೈಕಿನ ಚಾವಿಯನ್ನು ಮೊಳೆಯಿಂದ ತೆಗೆದು ಅಡಿಗೆಮನೆಯ ಅಕ್ಕಿ ಡ್ರಮ್ಮಿನೊಳಗೆ ಹುಗಿದೆ. ಆಫೀಸಿನ ಗೆಳತಿಗೆ ಬರೆಯುವಂತೆ ‘ಚಾವಿ ಅಕ್ಕಿಯೊಳಗೆ ಅಡಗಿಸಿದ್ದೇನೆ, ಅಣ್ಣ ಇವತ್ತು ಎಲ್ಲಿಗೂ ಹೋಗದೆ ಒದ್ದಾಡಲಿ’ ಎಂದು ಒತ್ತಿ, ಕಳಿಸದೆ, ಎಲ್ಲ ಅಳಿಸಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಕೂತೆ. ಅಣ್ಣ ಚಾವಿ ಹುಡುಕಿದ. ಅತ್ತಿಗೆಯನ್ನು ಕೇಳಿದ, ಆಯಿಯನ್ನು ಕೇಳಿದ, ಸಿಟ್ಟಾದ. ಆಮೇಲೆ ಸದ್ದು ನಿಂತಿತು. ಕಿಟಕಿಯಲ್ಲಿ ಇಣುಕಿದೆ. ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದ. ಎದ್ದ. ಅಡಿಗೆಮನೆಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಮೊಣಕೈ ತನಕ ಕೈ ಅಕ್ಕಿಯೊಳಗೆ ಇಳಿಸಿದ.

ಚಾವಿ ಅಲ್ಲಿಗೆ ಹೇಗೆ ಹೋಯಿತೆಂದು ಅವನು ಕೇಳಲಿಲ್ಲ. ಅಲ್ಲಿದೆಯೆಂದು ನಿನಗೆ ಹೇಗೆ ಗೊತ್ತಾಯಿತೆಂದು ನಾನೂ ಕೇಳಲಿಲ್ಲ. ಅವನು ಚಾವಿಯ ಮೇಲಿನ ಅಕ್ಕಿಹುಡಿ ಊದಿಕೊಂಡು ಹೊರಟುಹೋದ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಅಷ್ಟರವರೆಗೆ ಎಲ್ಲೋ ಒಳಗೆ, ಅವನಲ್ಲದಿರಲಿ ಎಂದೂ ಬೇಡಿಕೊಂಡಿದ್ದೆ.

ಕೇಳಿ ಟೀಚರಿಗೆ ಸಂತೋಷವೇನೂ ಆಗಲಿಲ್ಲ. “ಆತು. ಈಗ ಭಟ್ಕಳಕ್ಕೆ ನಡಿ” ಎಂದರು.

“ಈಗ್ಲೇ?”

“ಮತ್ತೆ? ನಿನ್ನ ತಂಗಿ ನಿನ್ನ ಕಳ್ಳಿ ಅಂತ ತಿಳ್ಕಂಡು ಕೂತಿದ್ದಾಳೆ. ಅದು ಒಂದೊಂದು ದಿನಕ್ಕೂ ಗಟ್ಟಿ ಆಗ್ತಾ ಹೋಗ್ತದೆ. ಫೋನ್ ಸರಿ ಮಾಡೂದು ಆಮೇಲೆ.”

ನನ್ನ ಫೋನನ್ನು ಸಂಸ್ಥೆಯಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಸೀಟು ಖಾಲಿಯಿದ್ದರೂ ಟೀಚರ್ ಶಿರಾಲಿ ದಾಟುವವರೆಗೆ ಕಂಬಿ ಹಿಡಿದು ನಿಂತೇ ಬಂದರು. ತಂಗಿ ಬಾಗಿಲು ಅರ್ಧ ತೆರೆದು ನನ್ನನ್ನು ಕಂಡು ಮುಚ್ಚಿದಳು. ನಾನು ಅಳತೊಡಗಿದೆ. ಟೀಚರ್ ಬಾಗಿಲಿಗೆ ಬಾಯಿ ಹತ್ತಿರ ಒಯ್ದು, “ನಾ ಹೊನ್ನಾವರದ ಟೈಪಿಂಗ್ ಟೀಚರು. ನಿಂಗೆ ಕಲಿಸ್ಲಿಲ್ಲ, ನಿನ್ನ ಅಕ್ಕಂಗೆ ಕಲಿಸಿದ್ದೆ. ಒಳಗೆ ಬರೂದಿಲ್ಲ, ಇಲ್ಲೇ ನಿಂತ್ಕಂಡು ಹೇಳ್ತೆ, ನೀ ಕೇಳಿದ್ರೆ ಸಾಕು” ಎಂದರು. ಕೀಬೋರ್ಡಿನ ಕತೆ, ಅಳಿಸಿದ ಮಾತಿನ ಕತೆ, ಅಕ್ಕಿ ಡ್ರಮ್ಮಿನ ಕತೆ ಎಲ್ಲ ಒಂದೊಂದಾಗಿ ಹೇಳಿದರು. ಅಕ್ಕಿಗೆ ಕೈ ಹಾಕಿದ ಎನ್ನುವಲ್ಲಿ ಚಿಲಕ ಸರಿಯಿತು. ತಂಗಿ ನನ್ನ ಹೆಗಲಿಗೆ ತಲೆಯಿಟ್ಟಾಗ ಟೀಚರ್ ಅಂಗಳದಲ್ಲಿ ದೂರ ಹೋಗಿ ಯಾರದೋ ಬೇಲಿಯ ಗಿಡ ನೋಡುತ್ತ ನಿಂತಿದ್ದರು.

ಆಯಿ ಮಗುವನ್ನು ನೋಡುವುದು ಬಾಕಿ ಇತ್ತು. ಅದಕ್ಕೆ ಟೀಚರ್ ಮಾಡಿಸಿದ ಕೆಲಸ ಅವರಿಗೇ ಇಷ್ಟವಿರಲಿಲ್ಲ. “ನನ್ನ ಜೀವನದಲ್ಲಿ ಬೇರೆಯವ್ರ ಕೈಲಿ ಸುಳ್ಳು ಟೈಪ್ ಮಾಡಿಸೂದು ಇದೇ ಮೊದ್ಲು” ಎನ್ನುತ್ತ, ಅಣ್ಣ ಓದಲೆಂದೇ ಅದೇ ಫೋನಿನಲ್ಲಿ ತಂಗಿಗೆ ಹೀಗೆ ಬರೆಸಿದರು: ‘ಗುರುವಾರ ಹನ್ನೊಂದಕ್ಕೆ ಕುಮಟೆ ಬಸ್ ಸ್ಟ್ಯಾಂಡಿಗೆ ಬಾ, ಆಯಿಯನ್ನು ಕರೆತರುತ್ತೇನೆ.’ ಇದು ಸುಳ್ಳೆಂದು ತಂಗಿಗೆ ಮುಂಚೆಯೇ ಬಾಯಲ್ಲಿ ಹೇಳಿಯಾಗಿತ್ತು. ಗುರುವಾರ ಹತ್ತು ಗಂಟೆಗೆ ಅಣ್ಣ ಅಂಗಡಿಯನ್ನು ಅತ್ತಿಗೆಗೆ ಒಪ್ಪಿಸಿ ಕುಮಟೆಯ ಕಡೆ ಬೈಕು ತಿರುಗಿಸಿದ. ನಾನು ಆಯಿಯನ್ನು ರಿಕ್ಷಾದಲ್ಲಿ ಟೀಚರ್ ಸಂಸ್ಥೆಗೆ ಕರೆದುಕೊಂಡು ಹೋದೆ.

ಬಟ್ಟೆ ಮುಚ್ಚಿದ ಟೈಪ್‌ರೈಟರುಗಳ ನಡುವೆ ತಂಗಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಮೂರು ವರ್ಷದ ಮೇಲೆ ತಾಯಿ ಮಗಳು ಎದುರಾದರೆ ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ಆಯಿ ಮಗುವನ್ನು ತೆಗೆದುಕೊಂಡು ಕೆಳತುಟಿ ಬೆರಳಲ್ಲಿ ಸರಿಸಿ ನೋಡಿ, “ಹಲ್ಲು ಬಂತನೆ?” ಎಂದು ಕೇಳಿದಳು. ತಂಗಿ, “ಎರಡು ಬಂತು ಆಯಿ” ಎಂದಳು. ಅಷ್ಟೇ. ಆಮೇಲೆ ಇಬ್ಬರೂ ಒಟ್ಟಿಗೆ ಅತ್ತರು.

ಟೀಚರ್ ಒಳಗಿರಲಿಲ್ಲ. ಹೊರಗೆ ಹೊಸ್ತಿಲಿನಿಂದ ರಸ್ತೆಗೆ, ರಸ್ತೆಯಿಂದ ಹೊಸ್ತಿಲಿಗೆ ಓಡಾಡುತ್ತಿದ್ದರು. ಹನ್ನೊಂದೂವರೆಗೆ ನನ್ನ ಫೋನು ಬಡಿದುಕೊಳ್ಳತೊಡಗಿತು. ಅಣ್ಣ. ಮೂರನೆಯ ಸಲಕ್ಕೆ ಟೀಚರ್ ಒಳಗೆ ಬಂದರು. “ಎತ್ತು. ಸುಳ್ಳು ಹೇಳ್ಬೇಡ. ಸುಳ್ಳಿನ ಕೆಲ್ಸ ಮುಗೀತು.” ಎತ್ತಿ ಹೇಳಿದೆ: “ಆಯಿ ಟೈಪಿಂಗ್ ಟೀಚರ್ ಹತ್ರ ಇದ್ದಾಳೆ ಅಣ್ಣ. ತಂಗಿನೂ ಇದ್ದಾಳೆ. ಬರೂದಾದ್ರೆ ಬಾ.”

ತಂಗಿ ಹೊರಡಲು ಎದ್ದಳು. ಆಯಿ ಅವಳ ಕೈ ಹಿಡಿದು, “ಅವ ಬರ್ಲಿ” ಎಂದಳು.

ಅರ್ಧ ಗಂಟೆಯಲ್ಲಿ ಬಂದ. ಟೀಚರ್ ಬಾಗಿಲಿಗೆ ಅಡ್ಡ ನಿಂತಿದ್ದರು. ಅವನಿಗಿಂತ ಒಂದು ಗೇಣು ಕುಳ್ಳಗೆ.

“ಟೀಚರೇ, ಸರೀರಿ. ಇದು ನಮ್ಮ ಮನೆ ವಿಚಾರ.”

“ಮನೆ ವಿಚಾರ ಆದ್ರೆ ಮನೇಲಿ ಕೇಳೂದಿತ್ತಲ್ಲ ಮಾರಾಯಾ, ಬಾಯಿ ಇದ್ಯಲ್ಲ ನಿಂಗೆ. ಕದ್ದು ಎಂತಕ್ಕೆ ಓದ್ದೆ?”

ಅವನ ಮುಖ ಕಪ್ಪಿಟ್ಟಿತು. “ಅವ್ಳು ದಾರಿ ತಪ್ಪಬಾರ್ದು ಅಂತ ನೋಡ್ದೆ. ನಾ ಅಣ್ಣ.”

“ನೋಡಿದ್ಯಲ್ಲ. ಎಂತ ಸಿಕ್ತು? ಒಬ್ಳು ತಾಯಿ ಮೊಮ್ಮಗಳನ್ನ ನೋಡೂಕೆ ಹೊಂಟಿದ್ದು ಸಿಕ್ತು.”

ಅವನು ಕೈ ಎತ್ತಿದನೆಂದು ನನಗೆ ಕಂಡಿತು, ಚೌಕಟ್ಟು ಹಿಡಿದುಕೊಳ್ಳಲು ಎತ್ತಿದ್ದಿರಬೇಕು. ಟೀಚರ್ ಕದಲಲಿಲ್ಲ. ಅಷ್ಟರಲ್ಲಿ ಆಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಅವರ ಹಿಂದೆ ಬಂದು ನಿಂತಳು. “ನೋಡ್ದೆ ಮಗಾ, ಇವತ್ತು ನೋಡ್ದೆ. ಇನ್ನು ಪ್ರತಿ ತಿಂಗ್ಳು ಭಟ್ಕಳಕ್ಕೆ ಹೋಗಿ ನೋಡ್ತೆ. ಅಡಗಿಸಿ ಅಲ್ಲ. ನಿಂಗೆ ಹೇಳೇ ಹೋಗ್ತೆ” ಎಂದಳು. ಅಣ್ಣ ಆಯಿಯನ್ನು ನೋಡಿದ, ಮಗುವನ್ನು ನೋಡಿದ, ಬೈಕು ಹತ್ತಿ ಹೋದ. ಆಯಿ ಅಂದಂತೆಯೇ ಮಾಡುತ್ತಿದ್ದಾಳೆ. ಅಣ್ಣನ ಮನೆಯಲ್ಲೇ ಇದ್ದು, ತಿಂಗಳಿಗೊಮ್ಮೆ ಕೈಚೀಲ ಹಿಡಿದು, “ಭಟ್ಕಳಕ್ಕೆ ಹೋಗಿ ಬತ್ತೆ” ಎಂದು ಅವನೆದುರೇ ಹೇಳಿ ಬಸ್ಸು ಹತ್ತುತ್ತಾಳೆ. ನಾನು ಮಾತ್ರ ಆ ಮನೆಯಲ್ಲಿ ಇರಲಾರದೆ ಶಾಲೆಯ ಹತ್ತಿರ ಬಾಡಿಗೆಗೆ ಕೋಣೆ ಹಿಡಿದೆ.

ಆ ಗುರುವಾರ ಸಂಜೆಯೇ ಟೀಚರ್ ಆ ಕೀಬೋರ್ಡನ್ನು ತೆಗೆದರು. ಅಷ್ಟಕ್ಕೇ ಬಿಡದೆ, ಬೇಕಾದ ಫೋಟೋ ಬದಿಗಿಟ್ಟು ಇಡೀ ಫೋನನ್ನು ಖಾಲಿ ಮಾಡಿ ಹೊಸದಾಗಿ ಶುರುಮಾಡಿದರು. ನನ್ನ ಮೆಸೇಜುಗಳು ಬೇರೆ ಯಾವ ಕಂಪ್ಯೂಟರಿನಲ್ಲಾದರೂ ತೆರೆದಿವೆಯೇ ಎಂದು ನೋಡುವುದನ್ನು ಕಲಿಸಿದರು. “ಪೊಲೀಸರಿಗೆ ಕೊಡ್ತೀಯಾ? ಇದು ಅಪರಾಧ. ನನ್ನ ಹತ್ರ ಫೋಟೋ ಇದೆ, ನಾ ಸಾಕ್ಷಿಗೆ ಬರ್ತೆ” ಎಂದರು. ನಾನು ತಲೆಯಾಡಿಸಿದೆ, ಬೇಡ. ಅವರಿಗೆ ಸಿಟ್ಟು ಬಂದದ್ದು ಕಂಡಿತು. ಎರಡು ಸುತ್ತು ತಿರುಗಿ ಬಂದು, “ಆತು. ಅದು ನಿನ್ನ ತೀರ್ಮಾನ” ಎಂದರು. ಆದರೂ ನಡೆದದ್ದನ್ನೆಲ್ಲ ನನ್ನ ಕೈಯಿಂದ ಕಾಗದದ ಮೇಲೆ ಬರೆಸಿ, ಲಕೋಟೆಗೆ ಹಾಕಿ, “ಮನಸ್ಸು ಬದ್ಲಾದ್ರೆ ಇರ್ಲಿ” ಎಂದು ನನಗೇ ಕೊಟ್ಟರು.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಬೆಂಕಿ ತಾಗಿದವರಂತೆ ಹಿಂದೆ ಹಾರಿದರು.

“ಬೇಡ, ಬೇಡ! ನಾ ನಿನ್ನ ಅಣ್ಣಂಗಿಂತ ಮೊದ್ಲೇ ಈ ಕೆಲ್ಸ ಮಾಡಿದವಳು.”

ಆಮೇಲೆ ಹೇಳಿದರು, ಆ ಕೋಣೆಯಲ್ಲಿ ಓಡಾಡುತ್ತ, ನನ್ನ ಕಡೆ ನೋಡದೆ. ಸಂಸ್ಥೆ ತೆರೆದ ಹೊಸತರಲ್ಲಿ ಹೊನ್ನಾವರದವಳೇ ಒಬ್ಬ ಹುಡುಗಿ ಬಂದಿದ್ದಳಂತೆ. ನರ್ಸಿಂಗ್ ತರಬೇತಿಗೆ ಅರ್ಜಿ. ಇಂಗ್ಲಿಷಿನಲ್ಲಿ ತಾನೇ ಬರೆದು ತಂದಿದ್ದಳು. ಮನೆಯಲ್ಲಿ ಗೊತ್ತಿಲ್ಲ, ಯಾರಿಗೂ ಹೇಳಬೇಡಿ ಎಂದಿದ್ದಳು. ಟೀಚರ್ ಅಂದವಾಗಿ ಟೈಪು ಮಾಡಿಕೊಟ್ಟರು. ನಾಲ್ಕು ದಿನದ ಮೇಲೆ ಪೇಟೆಯಲ್ಲಿ ಅವಳ ಅಪ್ಪ ಸಿಕ್ಕಾಗ, ಹೊಗಳಿದರೆ ಅಪ್ಪನಿಗೆ ಹೆಮ್ಮೆಯಾದೀತು, ಒಪ್ಪಿಯಾನು ಎಂದೇ, “ನಿಮ್ಮ ಮಗಳ ಇಂಗ್ಲಿಷ್ ಚೊಲೋ ಇದೆ” ಎಂದುಬಿಟ್ಟರು. ಅಪ್ಪ ನಕ್ಕು ಹೋದ. ಅರ್ಜಿ ಅಂಚೆಗೆ ಬೀಳಲಿಲ್ಲ. ಎರಡು ತಿಂಗಳಲ್ಲಿ ಅವಳಿಗೆ ಭಟ್ಕಳದ ಬದಿಯ ಮುಟ್ಟಳ್ಳಿಗೆ ಮದುವೆ ಮಾಡಿ ಕಳಿಸಿದರು.

“ಓದಿದ್ದು ತಪ್ಪಲ್ಲ. ಟೈಪ್ ಮಾಡೂಕೆ ಓದ್ಲೇಬೇಕು. ಹೇಳಿದ್ದು ತಪ್ಪು” ಎಂದರು ಟೀಚರ್. “ಅವ್ಳ ಹತ್ರ ಹೋಗ್ಬೇಕು ಅಂತ ಮೂವತ್ತು ವರ್ಷದಿಂದ ಅಂದ್ಕಳ್ತಾ ಇದ್ದೆ. ಪ್ರತಿ ಸಲ ಎಂತಾದ್ರೂ ಕೆಲ್ಸ ಬಂತು. ಕೆಲ್ಸ ನಾನೇ ತಂದ್ಕಂಡೆ.”

“ನಾ ಬರ್ತೆ ಟೀಚರ್, ಹೋಗ್ವ” ಎಂದೆ.

ಮುಟ್ಟಳ್ಳಿಯ ಆ ಮನೆ ಗದ್ದೆಯ ಅಂಚಿನಲ್ಲಿತ್ತು. ಅಂಗಳದಲ್ಲಿ ಒಬ್ಬ ಹೆಂಗಸು ಕೊಬ್ಬರಿ ಒಣಹಾಕುತ್ತಿದ್ದಳು. ಐವತ್ತರ ಆಸುಪಾಸು. ಟೀಚರನ್ನು ಕಂಡು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, “ಟೈಪಿಂಗ್ ಟೀಚರಲ್ವ?” ಎಂದಳು. ಟೀಚರ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಉದುರಿಹೋಯಿತು. “ನಿನ್ನ ಅಪ್ಪಂಗೆ ಅವತ್ತು ಹೇಳಿದ್ದು ನಾನು” ಎಂದಷ್ಟೇ ಅಂದರು.

“ಗೊತ್ತಿತ್ತು” ಎಂದಳು ಅವಳು. “ಅಪ್ಪ ಮನೆಗೆ ಬಂದು ನಿಮ್ಮ ಹೆಸ್ರೇ ಹೇಳಿದ್ದ.”

“ಗೊತ್ತಿದ್ದೂ ಬಂದು ಕೇಳ್ಲಿಲ್ವಲ್ಲೆ ನೀನು?”

“ನೀವು ಬರ್ತೀರಿ ಅಂದ್ಕಂಡಿದ್ದೆ. ಎರಡ್ಮೂರು ವರ್ಷ ಕಾದೆ. ಯಾರಾದ್ರೂ ಹೆಂಗಸ್ರು ಗದ್ದೆ ದಾಟಿ ಬರೂದು ಕಂಡ್ರೆ ನೀವೇ ಅಂತ ನೋಡ್ತಿದ್ದೆ. ಮಕ್ಕಳಾದ್ವು. ಆಮೇಲೆ ನೋಡೂದು ಬಿಟ್ಟೆ.”

ಅವಳು ನಮಗೆ ಚಹಾ ಕೊಟ್ಟಳು. ಮಾತಿನ ನಡುವೆ ತಾನಾಗಿಯೇ ನಕ್ಕಳು. “ಒಂದು ಹೇಳ್ತೆ ಟೀಚರೇ. ಆ ಅರ್ಜೀಲಿ ನಂಗೆ ಹದಿನೆಂಟು ಅಂತ ಬರ್ದಿದ್ದೆ. ಹದಿನೇಳೂವರೆ ಆಗಿತ್ತು ಅಷ್ಟೇ. ಅದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನಿನ್ನ ಸರ್ಟಿಫಿಕೇಟು ನಂಗೆ ಕೊಟ್ಟಿದ್ಯಲ್ಲ.”

“ಅದನ್ನ ಅಪ್ಪಂಗೆ ಹೇಳ್ಲಿಲ್ಲ ನೀವು?”

“ಇಲ್ಲ.”

“ಅಷ್ಟಾದ್ರೂ ಉಳಿಸಿದ್ರಿ” ಎಂದು ಅವಳು ಕೊಬ್ಬರಿ ತಿರುಗಿಸಲು ಎದ್ದಳು.

ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುವಾಗ ಟೀಚರ್, “ಆದದ್ದಾತು, ಬಿಡಿ ಅಂತ ಹೇಳ್ಲಿಲ್ಲ ಅವ್ಳು, ನೋಡ್ದ್ಯಾ?” ಎಂದರು. ನೋಡಿದೆ ಎಂದೆ. “ಹಾಂಗೆ ಹೇಳೂ ಸಾಲ ಅವ್ಳಿಗೇನೂ ಇರ್ಲಿಲ್ಲ. ಬಂದು ತಪ್ಪು ಒಪ್ಪೂ ಸಾಲ ನಂಗೆ ಇತ್ತು” ಎಂದರು. ಬಸ್ಸು ಬರುವ ದಾರಿ ನೋಡುತ್ತ, “ನಿನ್ನ ಅಣ್ಣ ಬಂದ್ರೆ ಬಾಗಿಲು ತೆಗಿ. ಮನ್ನಿಸ್ಬೇಕು ಅಂತ ಇಲ್ಲ. ಬಾಗಿಲು ತೆಗಿ, ಸಾಕು” ಎಂದರು. ಅದಾಗಿ ಮೂರು ತಿಂಗಳಿಗೆ, ಟೀಚರ್ ತಮ್ಮ ಸಂಸ್ಥೆಯಲ್ಲೇ ಎದೆ ಹಿಡಿದುಕೊಂಡು ಬಿದ್ದರು, ಮತ್ತೆ ಏಳಲಿಲ್ಲ.

ಶ್ರದ್ಧಾಂಜಲಿ ಸಭೆ ಮುಗಿದು ಹೊರಗೆ ಬಂದಾಗ ಅಣ್ಣ ರಸ್ತೆಯ ಆಚೆ ಬೈಕಿನ ಮೇಲೆ ಕೂತಿದ್ದ. ಸಭೆಗೆ ಬಂದಿದ್ದನೋ, ಹಾದುಹೋಗುತ್ತಿದ್ದನೋ, ತಿಳಿಯದು. ನನ್ನನ್ನು ನೋಡಿದ. ನಾನು ರಸ್ತೆ ದಾಟಲೆಂದು ನಿಂತೆ. ಎರಡು ಲಾರಿ ಹೋದವು. ಲಾರಿ ಹೋದ ಮೇಲೆ ನೋಡಿದರೆ ಅಣ್ಣ ಅಲ್ಲಿರಲಿಲ್ಲ. ಆ ದಿನದಿಂದ ನನ್ನ ಕೋಣೆಯ ಬಾಗಿಲು ಯಾರು ಬಡಿದರೂ, ಪೇಪರಿನವನಾಗಲಿ ಪಕ್ಕದ ಮನೆಯವರಾಗಲಿ, ನನಗೆ ಮೊದಲು ಅವನೇ ಅನಿಸುತ್ತದೆ. ಎದ್ದು ಹೋಗಿ ತೆಗೆಯುತ್ತೇನೆ. ಅವನಾಗಿದ್ದರೆ ಏನು ಹೇಳುತ್ತೇನೋ, ಇನ್ನೂ ಗೊತ್ತಿಲ್ಲ.